ಚಿಂತಾಕಿಗೆ ಬಂದ ಹಡಗು

ಬೇಸಿಗೆಯಲ್ಲಿ ಸ್ಕೂಟಿ ಓಡಿಸುವಾಗ ನನಗೊಂದು ಕೆಟ್ಟ ಚಟವಿದೆ. ಚಿದ್ರಿಯ ಮನೆಯಿಂದ ಹೊರಟು, ಬೀದರ ಊರು ದಾಟಿ ಭಾಲ್ಕಿಯ ರಸ್ತೆ ಹಿಡಿದೆನೆಂದರೆ ಮುಂದೆ ಡಾಂಬರಿನ ಮೇಲೆ ನೀರು ನಿಂತಂತೆ ಕಾಣುತ್ತದಲ್ಲ, ಅದು ಕಂಡ ಕೂಡಲೇ ನನ್ನ ಎರಡೂ ಕಾಲು ತಾವಾಗಿಯೇ ಮೇಲೆದ್ದುಬಿಡುತ್ತವೆ. ಸೀರೆಗೆ ರಾಡಿ ಸಿಡಿಯಬಾರದು ನೋಡಿ! ನೀರು ಅಲ್ಲಿಲ್ಲ ಎಂದು ನನಗೆ ಗೊತ್ತು. ಗೊತ್ತಿರುವುದಷ್ಟೇ ಅಲ್ಲ, ಅದು ಯಾಕಿಲ್ಲ ಎಂಬುದನ್ನು ವರ್ಷ ವರ್ಷವೂ ಹೈಸ್ಕೂಲಿನ ಮಕ್ಕಳಿಗೆ ಪಾಠ ಮಾಡಿ, ಪರೀಕ್ಷೆಯಲ್ಲಿ ಕೇಳಿ, ತಪ್ಪು ಬರೆದವರ ಅಂಕ ಕತ್ತರಿಸುವವಳೇ ನಾನು. ಆದರೂ ಕಾಲು ಏಳುತ್ತವೆ. ನನ್ನ ಹಿಂದೆ ಕೂತು ಬರುವ ಹಿಂದಿ ಟೀಚರು ಮೊದಲ ಸಲ ಗಾಬರಿಯಾಗಿ, “ಯಾಕ್ರಿ ಮೇಡಂ, ಹಾವೇನರ ಬಂತೇನ್ರಿ?” ಎಂದು ಕೂಗಿದ್ದರು. ಈಗ ಅವರಿಗೂ ರೂಢಿಯಾಗಿದೆ. ಮೊನ್ನೆ ಹೊರಳಿ ನೋಡಿದರೆ ಅವರೂ ಕಾಲು ಎತ್ತಿಕೊಂಡು ಕೂತಿದ್ದರು.

ಇದಕ್ಕೆ ಬಿಸಿಲ್ಗುದುರೆ ಎಂಬ ಚಂದದ ಹೆಸರಿದೆ. ಆದರೆ ಆ ಹೆಸರು ಹೇಳಿದರೆ ನಮ್ಮ ಮಕ್ಕಳು, “ಮೇಡಂ, ಕುದುರಿ ಎಲ್ಲಿ ಅದರಿ?” ಎನ್ನುತ್ತಾರೆ. ಪಾಠದ ಚಿತ್ರದಲ್ಲಿ ಮರಳುಗಾಡು, ಒಂಟೆ, ಈಚಲ ಗಿಡ. ಸಾಲಿಯ ಗೇಟಿನ ಹೊರಗೇ ದಿನಾ ಮಧ್ಯಾಹ್ನ ಬಂದು ಬೀಳುವ ನೀರನ್ನು ತೋರಿಸಲಿಕ್ಕೆ ಅರಬಸ್ತಾನದ ಒಂಟೆ ಯಾಕೆ ಬೇಕು ಎಂದು ಒಂದು ಸಲ ಹುರುಪಿನಲ್ಲಿ ಇಡೀ ತರಗತಿಯನ್ನು ರಸ್ತೆಯ ಬದಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ನಾವು ಬಸ್ಸಿಗೆ ಕಾದಿದ್ದೇವೆ ಎಂದು ತಿಳಿದು ಭಾಲ್ಕಿಯ ಬಸ್ಸೊಂದು ನಿಂತುಬಿಟ್ಟಿತು. ಕಂಡಕ್ಟರ್ ಬೈದ. ಅಷ್ಟರಲ್ಲಿ ಹೆಡ್‌ಮಾಸ್ತರರು ಕೊಡೆ ಹಿಡಿದುಕೊಂಡು ಬಂದರು.

“ಏನ್ ಮೇಡಂ, ಇಲ್ಲದ ನೀರು ತೋರಿಸ್ಲಾಕ ಮಕ್ಕಳಿಗೆ ಬಿಸಿಲಾಗ ನಿಲ್ಲಿಸೀರಿ? ಸಾಲ್ಯಾಗ ನಳ ಅದ, ಅದರಾಗ ಬಿ ನೀರಿಲ್ಲ. ಅದನ್ನೇ ತೋರಿಸಿದ್ರ ನೆರಳಾಗೇ ಪಾಠ ಮುಗೀತಿತ್ತಲ್ರಿ!”

ಅವರ ಮಾತಿಗೆ ಮಕ್ಕಳು ನಕ್ಕಷ್ಟು ನನ್ನ ಪಾಠಕ್ಕೆ ಎಂದೂ ನಕ್ಕಿಲ್ಲ.

ಆ ಪಾಠ ಬಂದಾಗಲೆಲ್ಲ ನಾನು ಒಂಟೆಯ ಚಿತ್ರ ಮುಗಿಸಿ, ಬೋರ್ಡಿನ ಮೂಲೆಯಲ್ಲಿ ಇನ್ನೊಂದು ಚಿತ್ರ ಬರೆಯುತ್ತೇನೆ. ಸಮುದ್ರದ್ದೊಂದು ಗೆರೆ, ಅದರ ಮೇಲೆ ಸ್ವಲ್ಪ ಖಾಲಿ ಜಾಗ, ಆ ಖಾಲಿ ಜಾಗದ ಮೇಲೊಂದು ಹಡಗು. ನನ್ನ ಮಕ್ಕಳಲ್ಲಿ ಸಮುದ್ರ ನೋಡಿದವರು ಇಲ್ಲವೇ ಇಲ್ಲ ಎನ್ನಬಹುದು. ನಮ್ಮ ಜಿಲ್ಲೆಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರಕ್ಕೆ ಮೊದಲು ಜೀವ ಹೈರಾಣಾಗುತ್ತದೆ. ಅವರು ಸುಮ್ಮನೆ ಚಿತ್ರ ಬರೆದುಕೊಳ್ಳುತ್ತಾರೆ. ಆ ಹಡಗು ಮಾತ್ರ ಪುಸ್ತಕದ್ದಲ್ಲ. ಅದು ನಮ್ಮ ಮಾಣಿಕಮಾಮಾನ ಹಡಗು.

ಮಾಣಿಕಮಾಮಾ ನನ್ನ ಅವ್ವನ ಅಣ್ಣ. ಔರಾದ ತಾಲ್ಲೂಕಿನ ಚಿಂತಾಕಿಯವರು. ಹೊಲ, ಎರಡು ಎತ್ತು, ಮೂರು ಹೆಣ್ಣುಮಕ್ಕಳು, ಮತ್ತು ಚಂದ್ರಾಮಾಮಿ. ನನ್ನ ಅಪ್ಪನಿಗೆ ಊರೂರಿಗೆ ವರ್ಗವಾಗುತ್ತಿದ್ದುದರಿಂದ ನಾನು ಮಾಮಾನ ಮನೆಯಲ್ಲೇ ಇದ್ದು ಸಾಲಿ ಕಲಿತೆ. ಮಾಮಾ ಸಣ್ಣ ಆಳು, ಗಟ್ಟಿ ದನಿ. ಊರಲ್ಲಿ ಅವರಿಗೆ ಯಾರೂ ಕೊಡದ, ಅವರೇ ತೆಗೆದುಕೊಂಡ ಒಂದು ಕೆಲಸವಿತ್ತು. ಎಲ್ಲಾದರೂ ಪವಾಡವಾಯಿತೆಂದು ಸುದ್ದಿ ಬಂದರೆ ಹೋಗಿ ಖಾತ್ರಿ ಮಾಡಿಕೊಂಡು ಬರುವುದು.

ನಮ್ಮ ಅಜ್ಜಂದಿರ ಕಾಲದಲ್ಲಿ ನಮ್ಮ ಓಣಿಯವರೆಲ್ಲ ಬೌದ್ಧರಾದರು. ದೇವರನ್ನು ಬಿಟ್ಟರು, ದೆವ್ವವನ್ನು ಬಿಟ್ಟರು, ಮೈಮೇಲೆ ಬರುವುದನ್ನು ಬಿಟ್ಟರು. ಬಿಟ್ಟಿದ್ದು ಬಿಟ್ಟಹಾಗೇ ಇರಬೇಕಲ್ಲ? ಅದರ ಕಾವಲು ಮಾಮಾನದು. ಇಂಥ ಮನೆಯ ಮೇಲೆ ಭಾನಾಮತಿಯಾಗಿದೆ, ಕಲ್ಲು ಬೀಳುತ್ತಿವೆ ಎಂದು ಯಾರಾದರೂ ಅಂದರೆ ಮಾಮಾ ಟವೆಲ್ ಹೆಗಲಿಗೆ ಹಾಕಿಕೊಂಡು ಕೇಳುತ್ತಿದ್ದುದು ಒಂದೇ ಪ್ರಶ್ನೆ: “ನೀ ಕಣ್ಣಾರೆ ನೋಡಿದ್ಯಾ?” ಹೇಳಿದವನು ತಡವರಿಸುತ್ತಿದ್ದ. ಅವನಿಗೆ ಇನ್ನೊಬ್ಬ ಹೇಳಿದ್ದ, ಇನ್ನೊಬ್ಬನಿಗೆ ಮತ್ತೊಬ್ಬ. ಮಾಮಾ ಆ ಮತ್ತೊಬ್ಬನ ಬಾಗಿಲಿಗೇ ಹೋಗಿ ಕೂರುತ್ತಿದ್ದರು.

ಒಂದು ಸಲ ಗುಂಡಪ್ಪಕಾಕಾನ ಹೊಲದ ಬೇವಿನ ಗಿಡ ಹಾಲು ಸುರಿಸತೊಡಗಿತು. ಮಂದಿಯೋ ಮಂದಿ. ಕಾಯಿ, ಊದಿನಕಡ್ಡಿ, ಕುಂಕುಮ. ಗುಂಡಪ್ಪಕಾಕಾ ಅಲ್ಲಿಯವರೆಗೆ ಯಾರ ಲೆಕ್ಕಕ್ಕೂ ಇಲ್ಲದ ಮನುಷ್ಯ, ಈಗ ಗಿಡದ ಬುಡದಲ್ಲಿ ಕಂಬಳಿ ಹಾಸಿಕೊಂಡು ಗಂಭೀರವಾಗಿ ಕೂತಿದ್ದ. ಮಾಮಾ ಹೋದರು, ಗಿಡದ ಸುತ್ತ ಎರಡು ಸುತ್ತು ಹಾಕಿದರು, ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡು, ಮುಖ ಕಿವಿಚಿ ತೀರ್ಪು ಕೊಟ್ಟರು.

“ಗಿಡಕ್ಕ ನೆಗಡಿ ಆಗ್ಯದ. ಮೂಗ ಸೋರ್ಲತ್ತದ. ಎಲ್ಲಾರು ಮನೀಗೆ ನಡೀರಿ.”

ಹೊಟ್ಟೆ ಹಿಡಿದುಕೊಂಡು ನಕ್ಕರು ಜನ. ಗುಂಡಪ್ಪಕಾಕಾ ಕಂಬಳಿ ಮಡಚಿಕೊಂಡು ಹೋದ. ಆ ಕಂಬಳಿಯನ್ನು ಅವನು ಮರೆಯಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಇಂಥವರ ಮಾತಿಗೆ ತೂಕವಿರುವುದು ಸಹಜ. ನಮ್ಮ ಕಡೆ ಹೆಣ್ಣು ಗಂಡು ಕೂಡಿಸುವಾಗ ಎರಡೂ ಮನೆಯವರನ್ನು ಬಲ್ಲವರೊಬ್ಬರು ನಡುವೆ ಕೂತು ಜಬಾನ್ ಕೊಡಬೇಕು. ಹುಡುಗ ಕುಡಿಯುವುದಿಲ್ಲ, ಹುಡುಗಿಗೆ ಬೇನೆಯಿಲ್ಲ, ಅತ್ತೆ ಕೈ ಮಾಡುವವಳಲ್ಲ ಎಂದು ಅವರು ನಾಲ್ಕು ಮಂದಿಯ ಮುಂದೆ ಹೇಳಿದರೆ ಮುಗಿಯಿತು, ಅದರ ಮೇಲೆ ಯಾರೂ ಕೇಳುವುದಿಲ್ಲ. ಚಿಂತಾಕಿಯಲ್ಲಿ ಗಂಡಸರ ಕಡೆ ಮಾಮಾ, ಹೆಂಗಸರ ಕಡೆ ಮಾಮಿ ಜಬಾನ್ ಕೊಡುತ್ತಿದ್ದರು. ಗಡಿಯಾಚೆ ಉದಗೀರದವರೂ, “ಮಾಣಿಕರಾವ್ ಅಂದಾರಲ್ಲ, ಆಯ್ತು” ಎಂದು ಎದ್ದು ಹೋಗುತ್ತಿದ್ದರು. ಮಾಮಾನ ಆಸ್ತಿ ಎಂದರೆ ಆ ಮಾತೇ. ಹೊಲವೇನು, ಕಲ್ಲು ಆರಿಸುವುದರಲ್ಲೇ ಆಯುಷ್ಯ ಕಳೆಯುವಂಥದು.

ಅಂಥ ಮಾಮಾ ಒಂದು ವರ್ಷ ಡಿಸೆಂಬರ್ ಆರಕ್ಕೆ ಮುಂಬಯಿಗೆ ಹೋದರು. ನಮಗೆ ಬೌದ್ಧ ಧರ್ಮದ ದಾರಿ ತೋರಿದವರ ಚಿತೆಯ ಜಾಗ ದಾದರಿನ ಚೈತ್ಯಭೂಮಿ; ಅವರ ಪುಣ್ಯತಿಥಿಗೆ ನಮ್ಮ ಮಂದಿ ಅಲ್ಲಿಗೆ ಹೋಗುವುದು ಇವತ್ತಿಗೂ ಇದೆ. ಭಾಲ್ಕಿ ಸ್ಟೇಷನ್ನಿನಲ್ಲಿ ಗಂಟು ಕಟ್ಟಿಕೊಂಡು ಕೂತು, ರೈಲಿನಲ್ಲಿ ನಿಂತು, ನಡುವೆ ಇಳಿದು ಇನ್ನೊಂದು ರೈಲಿನಲ್ಲಿ ಮತ್ತೆ ನಿಂತು. ಆ ಸಲ ಚಿಂತಾಕಿಯಿಂದ ಹೋದವರು ಮಾಮಾ ಮಾಮಿ ಇಬ್ಬರೇ. ನಾವು ಮಕ್ಕಳು ಮನೆಯಲ್ಲಿ ಆಯಿಯ, ಅಂದರೆ ಅಜ್ಜಿಯ, ಹತ್ತಿರ ಉಳಿದೆವು. ಚೈತ್ಯಭೂಮಿ ಇರುವುದು ಸಮುದ್ರದ ದಂಡೆಯ ಮೇಲೇ. ಜನ್ಮದಲ್ಲಿ ಸಮುದ್ರ ನೋಡದ ನಮ್ಮ ಮಂದಿ ಸಾಲಿನಲ್ಲಿ ನಿಂತು ನಮಸ್ಕಾರ ಮಾಡಿ ಹೊರಬಂದರೆ, ಎದುರಿಗೆ ಅಷ್ಟು ನೀರು! ಏನು ಮಾಡಬೇಕೆಂದು ತಿಳಿಯದೆ ಎಲ್ಲರೂ ಒಂದೇ ಕೆಲಸ ಮಾಡುತ್ತಾರೆ, ಬಾಟಲಿ ತುಂಬಿಸಿಕೊಳ್ಳುತ್ತಾರೆ.

ಮಾಮಾ ತಂದದ್ದು ಶರಬತ್ತಿನ ಬಾಟಲಿ. ಅದರ ಬೂಚು ತೆಗೆದು ಓಣಿಯವರಿಗೆಲ್ಲ ಚಮಚದಲ್ಲಿ ಸಮುದ್ರ ಹಂಚಿದರು. ನಾನೂ ಕೈ ಚಾಚಿ ನಿಂತಿದ್ದೆ. ನೆಕ್ಕಿದೆ. ಥೂ! ಉಪ್ಪು. ಅಷ್ಟು ಉಪ್ಪಿನ ನೀರಿಗೆ ಅಷ್ಟು ದೂರ ಹೋಗಿ ಬಂದರೇ ಎಂದು ಬೇಜಾರಾಯಿತು ನನಗೆ. ಸಮುದ್ರ ಉಪ್ಪು ಎಂಬುದನ್ನು ಆ ದಿನ ಇಡೀ ಓಣಿ ನಾಲಿಗೆಯಿಂದಲೇ ಖಾತ್ರಿ ಮಾಡಿಕೊಂಡಿತು.

ಹಡಗನ್ನು ಹಾಗೆ ಬಾಟಲಿಯಲ್ಲಿ ತರಲು ಬರುವುದಿಲ್ಲ. ಎಡವಟ್ಟಾದದ್ದೇ ಅಲ್ಲಿ.

ಬಸ್‌ಸ್ಟ್ಯಾಂಡಿನ ಹತ್ತಿರ ಇಸ್ಮಾಯಿಲ್ ಚಾಚಾನ ಚಹಾದ ಹೋಟೆಲಿತ್ತು. ಊರಿನ ಸುದ್ದಿಗಳೆಲ್ಲ ಅಲ್ಲಿಯೇ ಕುದಿಯುವುದು. ಬಸ್ಸಿಳಿದ ಮಾಮಾ ಮಾಮಿಯನ್ನು ಗಂಟಿನ ಸಮೇತ ಮನೆಗೆ ಕಳಿಸಿ, ಸೀದಾ ಅಲ್ಲಿಗೆ ಹೋಗಿ ಕೂತರಂತೆ. ಗುಂಡಪ್ಪಕಾಕಾನೂ ಅಲ್ಲಿಯೇ ಇದ್ದ. ಮಾಮಾ ಶುರು ಮಾಡಿದರಂತೆ.

“ಮುಂಜಾನಿ ಹೊತ್ತು. ಥಂಡಿ ಇತ್ತು. ದೂರ, ಅಗದೀ ದೂರ, ಒಂದು ಹಡಗ. ನೀರ ಮ್ಯಾಲ ಇರಲಿಲ್ಲ ಅದು. ನೀರಿಂದ ಒಂದು ಗೇಣ ಮ್ಯಾಲ ಇತ್ತು. ಹಡಗದ ಬುಡಕ ನೀರಿಲ್ಲ, ಆಕಾಶ ಅದ! ಹಂಗೇ ನಿಂತಿತ್ತು, ಆಕಾಶದಾಗ.”

ಆಮೇಲೆ ಗುಂಡಪ್ಪಕಾಕಾ ಕಪ್ಪು ಕೆಳಗಿಟ್ಟು, ಬಹಳ ಮೆತ್ತಗೆ ಕೇಳಿದನಂತೆ, “ನೀ ಕಣ್ಣಾರೆ ನೋಡಿದ್ಯಾ, ಮಾಣಿಕರಾವ್?”

“ಕಣ್ಣಾರೆ ನೋಡೇನಿ!”

“ಹಂಗಾರ ನಮ್ಮ ಗಿಡಕ್ಕ ನೆಗಡಿ, ನಿಮ್ಮ ಹಡಗಕ್ಕ ರೆಕ್ಕಿ. ಹೌದಿಲ್ಲೋ?”

ಮುಗಿಯಿತು ಕಥೆ. ಆ ನಗೆ ಹೋಟೆಲಿನಿಂದ ಹೊರಟು ಮಾಮಾನಿಗಿಂತ ಮೊದಲು ನಮ್ಮ ಮನೆ ಮುಟ್ಟಿತು. ಮರುದಿನದಿಂದ ಇಸ್ಮಾಯಿಲ್ ಚಾಚಾ ಮಾಮಾನನ್ನು ಕಂಡರೆ, “ಕ್ಯಾ ಜೀ ಜಹಾಜ್‌ವಾಲೆ, ಆಜ್ ಜಹಾಜ್ ಟೈಮ್ ಪೇ ಹೈ ಕ್ಯಾ?” ಎಂದು, ಇವತ್ತು ಹಡಗು ಟೈಮಿಗೆ ಬಂತೇ ಎಂದು ಕೇಳತೊಡಗಿದ. ಚಾಚಾನ ಮನಸ್ಸಿನಲ್ಲಿ ವಿಷವಿರಲಿಲ್ಲ, ಆದರೆ ಹೆಸರಿಡುವುದರಲ್ಲಿ ಅವನ ಕೈ ಹಿಡಿಯುವವರಿರಲಿಲ್ಲ. ಹೊರಗಿನವರು ನಕ್ಕರೆ ನಗಲಿ. ನಮ್ಮ ಓಣಿಯವರಿಗೆ ನಗು ಬರಲಿಲ್ಲ, ಸಿಟ್ಟು ಬಂತು. ಓಣಿಯ ಬುದ್ಧವಿಹಾರದಲ್ಲಿ ಹುಣ್ಣಿಮೆಯ ದಿನ ಕೂಡಿದಾಗ ಹಿರಿಯರೊಬ್ಬರು ಎಲ್ಲರ ಎದುರಿಗೇ ಅಂದರು: “ದೇವರ ಪಲ್ಲಕ್ಕಿ ಹಾರ್ತದಂದ್ರ ನಾವು ನಂಬೋದು ಬಿಟ್ಟೀವಿ. ನೀ ಚೈತ್ಯಭೂಮಿಗೆ ಹೋಗಿ ಬಂದು ಹಡಗ ಹಾರಸ್ತೀ? ಮಂದಿ ಮುಂದ ನಮ್ಮ ಮಾರಿ ಎಲ್ಲಿ ಇಡಬೇಕು?”

ಪವಾಡ ನಂಬುವ ಊರಾಗಿದ್ದರೆ ಹಡಗಿಗೊಂದು ಗುಡಿ ಕಟ್ಟಿ ಮಾಮಾನನ್ನು ಪೂಜಾರಿ ಮಾಡುತ್ತಿದ್ದರು. ಪವಾಡ ನಂಬಬಾರದು ಎಂದು ಮಾಮಾ ತಾವೇ ಊರಿಗೆ ಕಲಿಸಿದ್ದರು. ಊರು ಚೆನ್ನಾಗಿ ಕಲಿತಿತ್ತು.

ಎಲ್ಲರಿಗೂ ಉಳಿದಿದ್ದ ಸಾಕ್ಷಿ ಮಾಮಿ. ಬೋರಿಂಗಿನ ಹತ್ತಿರ ಕೊಡ ಇಟ್ಟುಕೊಂಡು ಹೆಂಗಸರು ಸುತ್ತುವರಿದು ಕೇಳಿದರು. ನಾನು ಮಾಮಿಯ ಸಣ್ಣ ಕೊಡ ಹಿಡಿದುಕೊಂಡು ಬಾಜೂಕ್ಕೇ ನಿಂತಿದ್ದೆ. ಮಾಮಿ ಹೌದನ್ನಲಿಲ್ಲ, ಅಲ್ಲವೆನ್ನಲಿಲ್ಲ.

“ನನಗೇನ ಗೊತ್ತವ್ವ? ತೆರಿ ಬಂದು ಅರ್ಧಾ ಸೀರಿ ತೋಯಿಸಿತ್ತು. ನಾ ಸೆರಗು ಒಣಗಿಸ್ಕೋತ ನಿಂತಿದ್ದೆ.”

ಆ ಮಾತು ಅವರು ಎಷ್ಟು ಸಲ ಹೇಳಿದರೋ. ಯಾವ ಊರಿನ ಬೀಗರು ಕೇಳಿದರೂ, ಯಾವ ಮದುವೆಯಲ್ಲಿ ಯಾರು ಚುಡಾಯಿಸಿದರೂ ಅದೇ ಮಾತು: ನಾ ಸೆರಗು ಒಣಗಿಸ್ಕೋತ ನಿಂತಿದ್ದೆ. ನನಗೆ ಮಾಮಿಯ ಮೇಲೆ ಕೆಂಡದಂಥ ಸಿಟ್ಟಿತ್ತು. ಅಷ್ಟು ದೊಡ್ಡ ಸಮುದ್ರದ ಮುಂದೆ ನಿಂತು ಸೆರಗು ನೋಡಿಕೊಳ್ಳುವ ಹೆಂಗಸು ಜಗತ್ತಿನಲ್ಲಿ ಇನ್ನೊಬ್ಬಳಿದ್ದಾಳೆಯೇ? ಒಮ್ಮೆ ಕತ್ತೆತ್ತಿ ಎದುರಿಗೆ ನೋಡಿದ್ದರೆ ಏನು ಹೋಗುತ್ತಿತ್ತು ಇವರ ಗಂಟು? ಈಗ ಸೀರೆ ನೆನೆಯಬಾರದೆಂದು ಒಣ ರಸ್ತೆಯ ಮೇಲೆ ಕಾಲೆತ್ತುವವಳು ನಾನು, ಬಿಡಿ.

ಮಾಮಾನ ದೊಡ್ಡ ಮಗಳು ಮಿತ್ರಕ್ಕನನ್ನು ನೋಡಲು ಔರಾದಿನವರು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಸುಸಲಾ, ಮಿರ್ಚಿ, ಬೂಂದಿ. ನಾವು ಹುಡುಗಿಯರು ಒಳಬಾಗಿಲ ಹಿಂದೆ ಒಬ್ಬರ ಮೇಲೊಬ್ಬರು ಬಿದ್ದು ಕೇಳುತ್ತಿದ್ದೆವು. ಮಾತು ಸರಾಗ ನಡೆದಿತ್ತು. ಮಾಮಾ ಮಗಳ ಬಗ್ಗೆ ಹೇಳಲು ಬಾಯಿ ತೆರೆದರು. ಆಗ ಹುಡುಗನ ಅಪ್ಪ ನಗುತ್ತ, “ಹಡಗ ನೋಡಿದ ಮಾಣಿಕರಾವ್ ಅಂದ್ರ ನೀವೇ ಏನ್ರಿ?” ಎಂದುಬಿಟ್ಟರು.

ಮಾಮಾನ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. ಜಮಖಾನೆಯ ಅಂಚಿನ ದಾರವೊಂದನ್ನು ಹಿಡಿದು ಎಳೆಯತೊಡಗಿದರು. ಊರೂರಿನ ಹೆಣ್ಣುಮಕ್ಕಳಿಗೆ ಜಬಾನ್ ಕೊಟ್ಟವರು ಸ್ವಂತ ಮಗಳಿಗೆ ಕೊಡಲಾಗದೆ ಕೂತಿದ್ದರು. ನಮ್ಮ ಸಂದಿಯಲ್ಲಿ ಮಿತ್ರಕ್ಕ ಅಳಲು ಶುರು ಮಾಡಿದಳು.

ಮಾಮಿ ಒಳಬಾಗಿಲಿಗೆ ಬಂದು ನಿಂತು, ಸೆರಗು ತಲೆಯ ಮೇಲೆ ಎಳೆದುಕೊಂಡರು. “ಅಣ್ಣಾರೆ, ಹಡಗದ ಮಾತು ಅವರಿಗೇ ಇರಲಿ. ಮಗಳ ಮಾತು ನನಗ ಕೇಳ್ರಿ. ನಾ ಜಬಾನ್ ಕೊಡ್ತೇನಿ.”

ಔರಾದಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಂದ್ರಮ್ಮನ ಮಾತೆಂದರೆ ಅವರಿಗೂ ಗೊತ್ತಿತ್ತು. ಆಯ್ತೆಂದರು. ಬೂಂದಿ ತಿಂದರು. ಆಮೇಲೆ ಉಳಿದಿಬ್ಬರ ಮದುವೆಯೂ ಅದೇ ಬಾಗಿಲಲ್ಲಿ ನಿಂತು ಮಾಮಿಯೇ ಮುಗಿಸಿದರು. ಮಾಮಾ ಜಮಖಾನೆಯ ಮೇಲೆ ಕೂರುತ್ತಿದ್ದರು ಅಷ್ಟೇ. ಊರಲ್ಲಿ ಯಾರೂ ಅವರನ್ನು ನಡುವೆ ಕೂರಲು ಕರೆಯಲಿಲ್ಲ. ಪವಾಡಗಳಂತೂ ನಿರಾತಂಕವಾಗಿ ನಡೆದವು. ಗುಂಡಪ್ಪಕಾಕಾನ ಗಿಡದ ಬುಡದಲ್ಲಿ ಕಟ್ಟೆಯೂ ಆಯಿತು. ಊರವರು ಎಷ್ಟು ನಕ್ಕರೂ ಮಾಮಾ ಮಾತ್ರ ಹಡಗನ್ನು ನೀರಿಗಿಳಿಸಲಿಲ್ಲ. “ತಪ್ಪಿ ಕಂಡಿರಬೇಕು ಅಂದುಬಿಡಪ್ಪಾ, ಮುಗೀತು” ಎಂದು ಹಿತೈಷಿಗಳು ಹೇಳಿದರೆ, “ಕಂಡದ್ದು ಕಂಡಿಲ್ಲ ಅನ್ಲಿ ಹ್ಯಾಂಗ?” ಎನ್ನುತ್ತಿದ್ದರು.

ನಾನು ಬೀದರಿನಲ್ಲಿ ಬಿಎಸ್ಸಿ ಓದುವಾಗ ಬೆಳಕಿನ ಪಾಠ ಬಂತು. ವಕ್ರೀಭವನ. ಓದುತ್ತ ಓದುತ್ತ ಎದ್ದು ಕೂತೆ. ಬಿಸಿ ಗಾಳಿ ತೆಳು, ತಂಪು ಗಾಳಿ ದಟ್ಟ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಬೆಳಕು ನೇರ ಹೋಗದೆ ಬಾಗುತ್ತದೆ. ಕಾದ ರಸ್ತೆಯ ಮೇಲೆ ನೀರು ಕಂಡರೆ ಅದು ನೀರಲ್ಲ, ಬಾಗಿ ಬಂದ ಆಕಾಶದ ತುಂಡು. ಡಿಸೆಂಬರಿನ ಮುಂಜಾನೆ ಸಮುದ್ರದ ನೀರು ಬೆಚ್ಚಗಿದ್ದು, ಮೇಲಿನ ಗಾಳಿ ಥಂಡಿಯಿದ್ದರೆ ಅಲ್ಲಿಯೂ ಅದೇ ಆಗುತ್ತದೆ. ಆಕಾಶದ ತುಂಡು ಹೋಗಿ ಹಡಗಿನ ಬುಡಕ್ಕೆ ಸೇರುತ್ತದೆ, ಹಡಗು ಎದ್ದು ನಿಂತಂತೆ ಕಾಣುತ್ತದೆ. ಮಾಮಾ ದಾದರಿನಲ್ಲಿ ಕಂಡದ್ದೂ ನಾವು ಔರಾದ ರಸ್ತೆಯಲ್ಲಿ ದಿನಾ ಕಾಣುವುದೂ ಒಂದೇ ಆಟ! ಪುಸ್ತಕ ಮುಚ್ಚಿ ಮೊದಲ ಬಸ್ಸಿಗೇ ಚಿಂತಾಕಿಗೆ ಓಡಿದೆ. ನ್ಯಾಯ ಕೊಡಿಸುವ ವಕೀಲೆಯ ಉಬ್ಬು ನನಗೆ.

ಮಾಮಾ ಎತ್ತಿಗೆ ಮೇವು ಹಾಕುತ್ತಿದ್ದರು. ನಾನು ಒಂದು ಗ್ಲಾಸು ನೀರು, ಒಂದು ಚಮಚ ತಂದು ಪೂರ್ತಿ ಪಾಠ ಮಾಡಿದೆ. ನೀರಲ್ಲಿ ಚಮಚ ಮುರಿದಂತೆ ಕಾಣುತ್ತದೆ ನೋಡ್ರಿ, ಹಾಗೆಯೇ ಗಾಳಿಯಲ್ಲಿ ಹಡಗು. ಮಾಮಾ ಕೊನೆಯವರೆಗೂ ಕೇಳಿದರು.

“ಅಂದ್ರ ಹಡಗ ಖರೇ?”

“ಖರೇ ಮಾಮಾ.”

“ಆಕಾಶದಾಗ ಇತ್ತು?”

“ಇರಲಿಲ್ಲ ಮಾಮಾ. ನೀರ ಮ್ಯಾಲೇ ಇತ್ತು. ಆಕಾಶದಾಗ ಕಾಣಸ್ತಿತ್ತು ಅಷ್ಟೇ.”

ಮಾಮಾ ಚಮಚವನ್ನು ಗ್ಲಾಸಿನಿಂದ ತೆಗೆದು ಒರೆಸಿ ನನ್ನ ಕೈಗಿಟ್ಟರು. “ಊರ ಮಂದಿ ಪೂರಾ ಸುಳ್ಳ ಅಂದ್ರು. ನೀ ಓದಿ ಬಂದು ಅರ್ಧಾ ಸುಳ್ಳ ಅಂತೀ. ಛಲೋ ಆಯ್ತು, ಅಷ್ಟರ ಕಡಿಮಿ ಆಯ್ತಲ್ಲ!” ಎಂದು ಮೇವಿನ ಕಡೆ ತಿರುಗಿದರು. ಮಾಮಿ ಒಲೆಯ ಮುಂದಿನಿಂದ ಎದ್ದು ಬರಲೇ ಇಲ್ಲ. ನನ್ನ ವಿಜ್ಞಾನ ಅದೇ ಬಸ್ಸಿಗೆ ವಾಪಸಾಯಿತು.

ಈಗಿನ ಮಾತಿಗೆ ಬರುತ್ತೇನೆ. ಕಳೆದ ಬೇಸಿಗೆಯಲ್ಲಿ ಚಿಂತಾಕಿಯ ವಾಟ್ಸಾಪ್ ಗುಂಪಿಗೆ ಎಲ್ಲಿಂದಲೋ ಒಂದು ವಿಡಿಯೋ ಬಂದು ಬಿತ್ತು. ಯಾವುದೋ ಸಮುದ್ರ, ಆಕಾಶದಲ್ಲಿ ತೇಲುವ ಹಡಗು, ಹಿಂದೆ ಎದೆ ನಡುಗಿಸುವ ಸಂಗೀತ. ಯಾರು ತೆಗೆದದ್ದು, ಎಲ್ಲಿಯದು, ದೇವರಿಗೇ ಗೊತ್ತು; ನಾವು ದೇವರನ್ನು ಬಿಟ್ಟವರು, ಹಾಗಾಗಿ ಯಾರಿಗೂ ಗೊತ್ತಿಲ್ಲ. ಆದರೆ ಇಡೀ ಊರು ಒಂದೇ ದಿನದಲ್ಲಿ ನಂಬಿತು. “ನೀ ಕಣ್ಣಾರೆ ನೋಡಿದ್ಯಾ” ಎಂದು ಒಬ್ಬರೂ ಒಬ್ಬರನ್ನು ಕೇಳಲಿಲ್ಲ. ಮನುಷ್ಯನ ಬಾಯಿಂದ ಬಂದಾಗ ಸುಳ್ಳಾಗಿದ್ದ ಹಡಗು ಮೊಬೈಲಿನಿಂದ ಬಂದಾಗ ಖರೇ ಆಯಿತು.

ಹುಣ್ಣಿಮೆಯ ದಿನ ವಿಹಾರದಲ್ಲಿ ಮಾಮಾನಿಗೆ ಶಾಲು ಹೊದಿಸುವುದೆಂದು ನಿಶ್ಚಯವಾಯಿತು. ನಾನು ಬಂದು ವೈಜ್ಞಾನಿಕವಾಗಿ ತಿಳಿಸಿ ಹೇಳಬೇಕಂತೆ. ಹೋದೆ. ಊರಿಗೆ ಊರೇ ಕೂಡಿತ್ತು. ಕೋಲು ಊರಿಕೊಂಡು ಗುಂಡಪ್ಪಕಾಕಾನೂ ಬಂದಿದ್ದ. ಹೋಟೆಲನ್ನು ಮಗನಿಗೆ ಬಿಟ್ಟಿರುವ ಇಸ್ಮಾಯಿಲ್ ಚಾಚಾ ಕುರ್ಚಿ ಹಾಕಿಸಿಕೊಂಡು ಮುಂದೆಯೇ ಕೂತಿದ್ದ. ನಾನು ಬೋರ್ಡಿನ ಮೇಲೆ ಗೆರೆ ಎಳೆದು, ಹಡಗು ಬರೆದು, ಅದರ ಬುಡಕ್ಕೆ ಒಂದು ಗೇಣು ಆಕಾಶ ಬಿಟ್ಟೆ. ಇಂಥ ನೋಟದಲ್ಲಿ ಒಮ್ಮೊಮ್ಮೆ ಹಡಗಿನ ಕೆಳಗೆ ಅದರದೇ ತಲೆಕೆಳಗಾದ ಬಿಂಬವೂ ಕಾಣುತ್ತದೆ ಎಂದು ಪುಸ್ತಕದಲ್ಲಿದೆ. ಮಾಮಾ ಎಂದೂ ಅದನ್ನು ಹೇಳಿರಲಿಲ್ಲ, ವಿಡಿಯೋದಲ್ಲಿಯೂ ಇರಲಿಲ್ಲ. ಮತ್ತೊಂದು ಗೊಂದಲ ಯಾಕೆಂದು ನಾನು ಅದನ್ನು ಬರೆಯಲೂ ಇಲ್ಲ, ಬಾಯಿ ಬಿಡಲೂ ಇಲ್ಲ. ಚಪ್ಪಾಳೆ ಬಿತ್ತು.

ಗುಂಡಪ್ಪಕಾಕಾ ತಾನೇ ಎದ್ದು ಶಾಲು ಹೊದಿಸಿದ. ಅವನ ಕಣ್ಣಲ್ಲಿ ನೀರು ಬಂದಿತ್ತು. “ಮಾಣಿಕರಾವ್, ನಂದು ತಪ್ಪಾಯ್ತು. ಮೊಬೈಲ್‌ದಾಗ ಬಂದದ ಅಂದ ಮ್ಯಾಲ ಖರೇನೇ ಇರಬೇಕು.”

ಮಾಮಾ ಶಾಲಿನೊಳಗಿಂದ ಅವನನ್ನು ನೋಡಿದರು. ಹಳೆಯ ಹೊಳಪು ಬಂತು ಮುಖಕ್ಕೆ.

“ನೀ ಕಣ್ಣಾರೆ ನೋಡಿದ್ಯಾ?”

“ನೋಡಿದೆನಲ್ಲೋ, ಮೊಬೈಲ್‌ದಾಗ.”

“ಮೊಬೈಲ್‌ದಾಗ ನಾ ಬಿ ನೋಡೇನಿ. ಯಾವನರ ಕುಂತು ಮಾಡಿದ್ದಿರಬೌದು ಅದು. ಹಡಗದ ನೆರಳ ಒಂದ ಕಡಿ, ತೆರಿ ನೆರಳ ಇನ್ನೊಂದ ಕಡಿ ಅದ. ನಂಬಬ್ಯಾಡ.”

ಸಭೆ ಕಕ್ಕಾಬಿಕ್ಕಿ. ತನ್ನನ್ನು ಗೆಲ್ಲಿಸಲು ಬಂದ ಸಾಕ್ಷಿಯನ್ನು ಈ ಮನುಷ್ಯ ಸ್ವತಃ ಓಡಿಸುತ್ತಿದ್ದಾರೆ! ಇಸ್ಮಾಯಿಲ್ ಚಾಚಾ ಒಬ್ಬನೇ ತೊಡೆ ತಟ್ಟಿ ನಕ್ಕ. ಸಂಭಾಳಿಸಲೆಂದು ಹಿಂದಿನಿಂದ ಒಬ್ಬಾಕೆ ಕೂಗಿದಳು, “ಚಂದ್ರಮ್ಮಾಯಿ, ನೀವ್ ಬಿ ಇದ್ರಲ್ಲ ಅವತ್ತ? ಈಗರೆ ಹೇಳ್ರಿ, ನೋಡಿದ್ರೋ ಇಲ್ಲೋ?”

ನಾನು ಮಾಮಿಯ ಮುಖ ನೋಡಿದೆ. ಈಗ ನಗುವವರು ಯಾರೂ ಇಲ್ಲ. ಮಕ್ಕಳ ಮದುವೆಗಳಾಗಿ, ಮೊಮ್ಮಕ್ಕಳ ಮದುವೆಗಳಾಗುತ್ತಿವೆ. ಹೌದು ಅಂದರೂ ಆಯಿತು. ಮಾಮಿ ಸೆರಗು ತಲೆಯ ಮೇಲೆ ಎಳೆದುಕೊಂಡರು.

“ನಾ ಸೆರಗು ಒಣಗಿಸ್ಕೋತ ನಿಂತಿದ್ದೆನವ್ವ.”

ಮನೆಗೆ ಬಂದೆವು. ಮಾಮಾ ಅಂಗಳದಲ್ಲಿ ಹೊರಸಿನ ಮೇಲೆ ಶಾಲು ಮಡಚಿಟ್ಟು ಕೂತರು. ಮಾಮಿ ಒಳಗೆ ಚಹಾಕ್ಕೆ ಇಟ್ಟರು, ನಾನು ಬಾಗಿಲಿಗೆ ಒರಗಿದೆ. ಗೂಡಿನಲ್ಲಿ ಇನ್ನೂ ಆ ಶರಬತ್ತಿನ ಬಾಟಲಿ ಇದೆ. ನೀರು ಎಂದೋ ಆರಿ, ತಳದಲ್ಲಿ ಬೆಳ್ಳಗೆ ಉಪ್ಪು ಹಿಡಿದಿದೆ. ಮಾಮಿ ಶುಂಠಿ ಜಜ್ಜುತ್ತ, ನನ್ನ ಕಡೆ ನೋಡದೆ ಹೇಳಿದರು.

“ನಿನ್ನ ಚಿತ್ರದಾಗ ಒಂದು ಬಿಟ್ಟೀದಿ ನೋಡು. ಆ ಹಡಗದ ಬುಡಕ ಇನ್ನೊಂದು ಹಡಗ ಬೋರಲ ಬಿದ್ದಿತ್ತು.”

ಬಾಗಿಲು ಬಿಟ್ಟು ಒಳಗೆ ಬಂದೆ. ಶುಂಠಿಯ ಸದ್ದು ನಡೆದೇ ಇತ್ತು.

“ಮಾಮಿ! ನೀವು ನೋಡೀರಿ!”

“ಮೆಲ್ಲಕ ಮಾತಾಡು.”

“ಮತ್ತ ಯಾಕ ಹೇಳ್ಲಿಲ್ರಿ ಇಷ್ಟ ವರ್ಷ? ಮಾಮಾನ ಮಾರಿ ನೋಡಿ ಬಿ ಕರುಳ ಚುರ್ ಅನ್ಲಿಲ್ಲೇನ್ರಿ ನಿಮಗ?”

ಮಾಮಿ ಜಜ್ಜುವುದನ್ನು ನಿಲ್ಲಿಸಿದರು. “ಅನ್ಲಿಲ್ಲೇನು? ದಿನಾ ಅಂತಿತ್ತು. ಆದ್ರ ಹೋಟೆಲ್‌ದಾಗ ಇವರು ಹೇಳಿ ಮುಗಿಸೋದ್ರಾಗ ಮಂದಿ ನಕ್ಕು ಮುಗಿಸಿದ್ರು. ನಾ ಬಿ ನೋಡೇನಿ ಅಂದಿದ್ರ ಇವರ ಮಾತೇನು ಉಳೀತಿದ್ದಿಲ್ಲ, ನಂದು ಬಿ ಹೋಗ್ತಿತ್ತು. ಗಂಡಾ ಹೆಂಡತಿ ಇಬ್ಬರಿಗೂ ತಲಿ ಕೆಟ್ಟದ ಅಂತಿದ್ರು. ಮೂರು ಹೆಣ್ಣುಮಕ್ಕಳು ಮನ್ಯಾಗ. ಮನೀಗೆ ಒಂದರ ಜಬಾನ್ ಬೇಕಿಲ್ಲೇನು? ಅದಕ್ಕ ನಂದು ಉಳಿಸಿದೆ.”

“ಇವತ್ತರ ಹೇಳಬೌದಿತ್ತಲ್ರಿ?”

“ಇವತ್ತ ಹೇಳಿದ್ರ ಅವತ್ತಿನ ಮಾತು ಸುಳ್ಳಾತದಲ್ಲ. ಆ ಮಾತಿನ ಮ್ಯಾಲ ಎಷ್ಟ ಮದುವಿ ಆಗ್ಯಾವ, ನಿನಗೇನ ಗೊತ್ತು?” ಎಂದು ಶುಂಠಿಯನ್ನು ಪಾತ್ರೆಗೆ ಹಾಕಿದರು.

ಸಿಟ್ಟು ಬಂತು ನನಗೆ, ಅದರ ಹಿಂದೆಯೇ ಅಳುವೂ ಬಂತು. ಒಬ್ಬರು ಊರೆಲ್ಲ ನಗುವಾಗ ಒಂಟಿಯಾಗಿ ನಿಂತಿದ್ದರು, ಇನ್ನೊಬ್ಬರು ಅದನ್ನು ನೋಡುತ್ತ ಬಾಗಿಲಲ್ಲಿ ನಿಂತಿದ್ದರು. ಪಾಪ, ಮಾಮಾನಿಗೆ ಇದು ಗೊತ್ತಾದರೆ ಎದೆಯೊಡೆದೀತು ಎಂದುಕೊಂಡೆ. ಹೇಳಬಾರದು ಎಂದುಕೊಂಡೇ ಅಂಗಳಕ್ಕೆ ಹೋದೆ. ನನ್ನ ಬಾಯಿ ನಿಮಗೆ ಗೊತ್ತಲ್ಲ, ಹೊರಸಿನ ತುದಿಗೆ ಕೂತವಳೇ ಕೇಳಿಬಿಟ್ಟೆ.

“ಮಾಮಾ, ಅವತ್ತ ಮಾಮಿ ಬಿ ಹಡಗ ನೋಡಿದ್ರು ಅಂದ್ರ ನೀವು ನಂಬ್ತೀರೇನ್ರಿ?”

ಮಾಮಾ ನನ್ನನ್ನು ದಡ್ಡಿಯನ್ನು ನೋಡಿದಂತೆ ನೋಡಿದರು.

“ನಂಬೋದೇನು? ನಾ ಅಲ್ಲಿ ಉಸುಕಿನ್ಯಾಗ ಚಪ್ಪಲ್ ಹುಡುಕ್ಲತ್ತಿದ್ದೆ. ‘ಏನ್ರಿ, ಅಲ್ಲಿ ನೋಡ್ರಿ’ ಅಂತ ಬೆರಳ ಮಾಡಿ ನನಗ ತೋರಿಸಿದಾಕೀನೇ ಆಕಿ.”

“ಮತ್ತ... ಮಾಮಿ ಸೆರಗಿನ ಮಾತು ಹೇಳಿದಾಗ ನೀವು ಸುಮ್ಮ ಕುಂತ್ರಿ? ಸಿಟ್ಟ ಬರ್ಲಿಲ್ಲೇನ್ರಿ?”

“ಬಂತು. ಉಣ್ಣಲಿಲ್ಲ, ಮಾತಾಡಲಿಲ್ಲ. ಆಮ್ಯಾಲ ಮೂರೂ ಮಕ್ಕಳು ಮಲ್ಕೊಂಡಿದ್ವು, ಅವುಗಳ ಮಾರಿ ನೋಡಿದೆ. ಆಕಿ ಮಾಡಿದ್ದೇ ಬರೋಬ್ಬರಿ ಅನಸ್ತು.” ಮಾಮಾ ಶಾಲಿನ ಮಡಿಕೆಯನ್ನು ಅಂಗೈಯಿಂದ ಸರಿ ಮಾಡಿದರು. “ಯಾರ ಮುಂದನೂ ಬಾಯಿ ಬಿಡಬ್ಯಾಡ ಮತ್ತ. ಆಕಿ ಜಬಾನ್ ಹಂಗೇ ಇರಲಿ.”

ಆಮೇಲೆ ಅಡಿಗೆಮನೆಯ ಕಡೆ ಕತ್ತು ತಿರುಗಿಸಿ, ಆ ಗಟ್ಟಿ ದನಿಯಲ್ಲಿ ಕೂಗಿದರು.

“ಏ ಚಂದ್ರಾ, ಸೆರಗು ಒಣಗಿತೇನ?”

ಒಳಗಿನಿಂದ ಕಪ್ಪಿಗೆ ಚಹಾ ಸೋಸುವ ಸದ್ದಿನ ಜೊತೆಗೇ ಉತ್ತರ ಬಂತು, ದಿನಾ ಕೊಟ್ಟು ರೂಢಿಯಾದವರ ದನಿಯಲ್ಲಿ.

“ಎಲ್ಲಿ ಒಣಗ್ತದರಿ? ಇನ್ನಾ ಹಸೀನೇ ಅದ.”